ಕ್ಲೈಮ್ಯಾಕ್ಸಿಗೆ ಎದ್ದು ಹೋಗುವವಳು

ಮಂಡಿಕಲ್
11-12-2024, ಬುಧವಾರ

ನನ್ನ ಮುದ್ದು ಚೈತ್ರಳಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ನಿಂತಿದೆ, ಕೆಮ್ಮಿನ ಬಗ್ಗೆ ಹೇಳಿಕೊಳ್ಳುವುದು ಮಾತ್ರ ನಿಂತಿಲ್ಲ.

ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳಲು ಬಿಡದಿರುವುದು ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ನೀನು ಆ ಮಾತು ಹೇಳಿ ನಗುತ್ತಿದ್ದೆ, ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ವಾರ ಬಂದ ಕಾಗದದಲ್ಲಿ ಬರೆದಿದ್ದೀಯ: 'ಹದಿನಾಲ್ಕನೇ ತಾರೀಖು ಶನಿವಾರ ಗೌರಿಬಿದನೂರಲ್ಲಿ ಫೈನಲ್. ಅಪ್ಪ ಬರ್ತಾರೆ. ನೀನು ಬರ್ದಿದ್ರೂ ಪರ್ವಾಗಿಲ್ಲಮ್ಮ, ನಾನು ಕಬಡ್ಡಿ ಆಡೋದು ನಿಂಗಿಷ್ಟ ಇಲ್ಲ ಅಂತ ಗೊತ್ತು.' ಅದನ್ನು ಓದಿ ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ. ಅವತ್ತು ಸಾರು ತಳ ಹಿಡಿಯಿತು.

ಇಷ್ಟವಿಲ್ಲ ಅಂತ ನಿನಗೆ ಹೇಳಿದವರು ಯಾರು? ಭಾನುವಾರ ಮಧ್ಯಾಹ್ನ ನಾವು ಮೂವರೂ ಸೇರಿ ನೋಡುತ್ತಿದ್ದ ಸಿನಿಮಾಗಳನ್ನು ನೆನಪು ಮಾಡಿಕೋ. ಮನೆಮಂದಿಯೆಲ್ಲ ಕೂತು ನೋಡುವಂಥ ಸಿನಿಮಾ, ಅದರಲ್ಲೂ ಆಟದ್ದು ಅಂದರೆ ನನಗೆ ಪ್ರಾಣ. ತಾತನೂ ಮೊಮ್ಮಗಳೂ ಒಟ್ಟಿಗೆ ಈಜು ಕಲಿಯುವ ಸಿನಿಮಾದಲ್ಲಿ ತಾತನ ಪಂಚೆ ತೇಲಿಹೋದಾಗ ನೀನು ನೆಲದ ಮೇಲೆ ಬಿದ್ದು ಹೊರಳಾಡಿದ್ದೆ. ಇನ್ನೊಂದರಲ್ಲಿ ಓಟಗಾರ್ತಿ ತಂಗಿಗೆ ತಿನ್ನಿಸಲೆಂದು ಅಣ್ಣ ಮೊಟ್ಟೆ ಕದಿಯುವಾಗ ನಿಮ್ಮಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಶೀತ ಆಗಿದೆ ಎಂದರು. ಇನ್ನು ಒಂದೇ ಮನೆಯ ಸೊಸೆಯಂದಿರು ವಾಲಿಬಾಲ್ ತಂಡ ಕಟ್ಟುವ ಸಿನಿಮಾವಂತೂ ನಮ್ಮೆಲ್ಲರಿಗೂ ಬಾಯಿಪಾಠ. ಇಂಥದ್ದೊಂದು ನೋಡಿದ ಮೇಲೆ ಸ್ವಲ್ಪ ದಿನ ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ರೇಗುವುದಿಲ್ಲ.

ಆದರೆ ಒಂದು ಸಿನಿಮಾದ ಕೊನೆಯ ಮ್ಯಾಚನ್ನೂ ನಾನು ನೋಡಿದವಳಲ್ಲ. ಸ್ಕೋರು ಸಮಸಮ ಆಯಿತೋ, ನಾನು ಅಡುಗೆಮನೆಯಲ್ಲಿ. ಒಲೆಯ ಮೇಲೆ ಇಲ್ಲದ ಹಾಲು ಉಕ್ಕುತ್ತಿರುತ್ತದೆ. ಗೆದ್ದರಾ ಎಂದು ಒಳಗಿನಿಂದಲೇ ಕೂಗುತ್ತೇನೆ, ಸೋತರು ಎಂದು ನೀನು ಬೇಕೆಂದೇ ಸುಳ್ಳು ಹೇಳುತ್ತೀಯ. ಯಾರದೋ ಮಗಳು ಬಿದ್ದರೇ ನನ್ನ ಗತಿ ಹೀಗೆ. ನೀನು ರೈಡಿಗೆ ಹೋದಾಗ ಅಷ್ಟು ಜನ ಮೇಲೆ ಬಿದ್ದು ನಿನ್ನ ಕಾಲು ಹಿಡಿದು ಎಳೆಯುವುದನ್ನು ಹೇಗೆ ನೋಡಲಿ? ಅದಕ್ಕೇ ಇಷ್ಟು ದಿನ ಬರಲಿಲ್ಲ. ನನಗಿರುವುದು ಹೆದರಿಕೆ ಮಗಳೇ, ಬರೀ ಹೆದರಿಕೆ.

ನಿನ್ನ ಕಾಗದ ಬಂದ ಮೇಲೆ ಅಭ್ಯಾಸ ಶುರು ಮಾಡಿದ್ದೇನೆ. ನಗಬೇಡ. ಅಂಗನವಾಡಿಯಿಂದ ಬಂದವಳೇ ಯಾವುದಾದರೂ ಆಟದ ಸಿನಿಮಾದ ಕೊನೆಯ ಭಾಗ ಹಾಕಿಸಿಕೊಂಡು ಕೂರುತ್ತೇನೆ. ನಿಮ್ಮಪ್ಪನೇ ಕೋಚ್. ಡೇರಿಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಸೀಟಿ ಹಿಡಿದು ಕೂರುತ್ತಾರೆ, ನಾನು ಎದ್ದರೆ ಊದುತ್ತಾರೆ. ಮೊದಲ ದಿನ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ, ಆದರೂ ಯಾವ ಮಾಯದಲ್ಲೋ ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ಮೊನ್ನೆ ನನ್ನ ಕೂಗು ಕೇಳಿ ಎದುರುಮನೆಯ ಅಕ್ಕಯ್ಯಮ್ಮ ಓಡಿಬಂದರು. 'ಏಮ್ಮಾ ಶಾಂತ, ಗಂಡ ಹೆಂಡ್ತಿ ಹೊಡೆದಾಡ್ತಿದ್ದೀರಾ?' ಎಂದರು. ವಿಷಯ ತಿಳಿದ ಮೇಲೆ ಅವರೂ ಕೂತರು. ಈಗ ನನಗಿಂತ ಅವರ ಗಲಾಟೆಯೇ ಜಾಸ್ತಿ.

ಹೀಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಈ ಸಿನಿಮಾಗಳಲ್ಲಿ ಮಗಳು ಆಡುವ ಹೊತ್ತಿಗೆ ಅಮ್ಮ ದೇವರ ಮನೆಯಲ್ಲಿರುತ್ತಾಳೆ. ದೀಪ ಹಚ್ಚುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಅಲ್ಲಿ ಮಗಳು ಗೆಲ್ಲುತ್ತಾಳೆ. ಇಷ್ಟು ವರ್ಷ ತಾಯಿ ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆ. ಈ ಸಲ ಅವಳನ್ನು ನೋಡಿ ಸಿಟ್ಟು ಬಂತು. ದೀಪ ಆಮೇಲೆ ಹಚ್ಚಬಹುದು, ಮೊದಲು ಬಸ್ಸು ಹತ್ತೇ ಎಂದು ಟಿ.ವಿ.ಗೇ ಬೈದೆ. ವಾಲಿಬಾಲ್ ಸೊಸೆಯಂದಿರ ಅತ್ತೆಯೇ ವಾಸಿ, ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ರೆಫ್ರಿಯ ಬೆವರಿಳಿಸುತ್ತಾಳೆ.

ಆದರೂ ಮಾತು ಕೊಡಲಾರೆ ಚೈತ್ರ. ಸಿನಿಮಾದ ಕೊನೆಯನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ, ನಿನ್ನ ಆಟದ ಕೊನೆ ಯಾರಿಗೆ ಗೊತ್ತು? ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಲ್ಲಿಂದಲೇ ವಾಪಸು ಬಂದರೂ ಬಂದೆ. ಹಾಗೇನಾದರೂ ಆದರೆ ಅಮ್ಮನ ಕೈಲಾಗಲಿಲ್ಲ ಅಂದುಕೋ, ಇಷ್ಟವಿಲ್ಲ ಅಂದುಕೊಳ್ಳಬೇಡ. ನೀನು ಆಡುವುದು ನನಗೆಷ್ಟು ಹೆಮ್ಮೆ ಎಂದರೆ, ನನ್ನ ಅಂಗನವಾಡಿಯ ಪುಟಾಣಿಗಳಿಗೆ ಅಆಇಈ ಸರಿಯಾಗಿ ಬರುವುದಿಲ್ಲ, ಕಬಡ್ಡಿ ಕಬಡ್ಡಿ ಎನ್ನುವುದು ಮಾತ್ರ ಒಂದೇ ಉಸಿರಿಗೆ ಬರುತ್ತದೆ.

ಉಗುರು ಕತ್ತರಿಸಿಕೋ. ಆಟಕ್ಕೆ ಮುಂಚೆ ಹೊಟ್ಟೆಬಿರಿಯ ತಿನ್ನಬೇಡ.

ನಿನ್ನ ಅಮ್ಮ,
ಶಾಂತಕುಮಾರಿ

ಆಮೇಲೆ ಸೇರಿಸಿದ್ದು: ಇದನ್ನು ಅಂಚೆಗೆ ಹಾಕಲಿಲ್ಲ, ಬ್ಯಾಗಿನಲ್ಲೇ ತಂದೆ. ಶನಿವಾರ, ಗೌರಿಬಿದನೂರಿನ ಮೈದಾನದಲ್ಲಿ ಕೂತು ಬರೆಯುತ್ತಿದ್ದೇನೆ. ಅರ್ಧ ಆಟ ಮುಗಿದಿದೆ. ನಿಮ್ಮ ತಂಡದ ತನುಜಳ ಕೈಲಿ ಕೊಟ್ಟು ಕಳಿಸುತ್ತೇನೆ, ಈಗ ಇದಿಷ್ಟು ಓದಿಕೋ, ಉಳಿದದ್ದು ಆಮೇಲೆ. ನಾಲ್ಕು ಪಾಯಿಂಟ್ ಹಿಂದಿದ್ದೀರಿ. ನೀನು ಎರಡು ಸಲ ಬಿದ್ದೆ, ಎರಡು ಸಲವೂ ಕಣ್ಣು ಬಿಟ್ಟೇ ನೋಡಿದೆ. ಕಡಲೆಕಾಯಿ ಗಾಡಿಯ ಪಕ್ಕದಲ್ಲಿದ್ದೇನೆ, ಏಳುವುದಿಲ್ಲ. ಹೋಗು, ಆಡು.