ಗೆಂಟ್ ಬಿಟ್ಟು ಉಳಿದ ಬೆಲ್ಜಿಯಂ

ಅಪ್ಪರ್ ಹಟ್, ನ್ಯೂಜಿಲೆಂಡ್
೧೫ ಮಾರ್ಚ್ ೨೦೨೫, ಶನಿವಾರ

ಪ್ರೀತಿಯ ಸ್ನೇಹಲ್ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಗು ಒದೆಯುತ್ತದೆ ಎಂದಿದ್ದೆ. ಒದೆಯಲಿ, ಈ ಮನೆತನದಲ್ಲಿ ಹುಟ್ಟುವವರು ಮೊದಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ನಾನು ದನಿ ಏರಿಸಿದರೆ ನೀನು ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಕಾಗದದ ಮೇಲೆ ಬರೆದು ಫೋಟೊ ಕಳಿಸುತ್ತಿದ್ದೇನೆ.

ನೀನು ಬಸುರಿ ಎಂದು ಅಪ್ಪ-ಅವ್ವನಿಗೆ ನಾನೇ ಹೇಳಿದೆ. ಕೇಳಿದರು, ಹೇಳಿದೆ. ಮರುದಿನ ಚಹಾ ಕುಡಿಯುತ್ತಾ ಅಪ್ಪ, "ಯುರೋಪ್ ನೋಡಬೇಕಂತ ಭಾಳ ದಿನದಿಂದ ಇತ್ತು," ಅಂದರು. ಯುರೋಪ್ ಎಂದರೆ ಪ್ಯಾರಿಸ್ ಅಲ್ಲ, ರೋಮ್ ಅಲ್ಲ, ಬರೀ ಬೆಲ್ಜಿಯಂ! ಅದೂ ಮೇ ತಿಂಗಳಲ್ಲಿ, ನಿನಗೆ ಏಳು ನಡೆಯುವಾಗಲೇ. ಪಕ್ಕದ ಬೀದಿಯ ಇಂದಿರಾ ಆಂಟಿ ಯಾಕೆ ಎಂದು ಕೇಳಿದರೆ ಚಾಕೊಲೇಟ್‌ಗಾಗಿ ಅಂದರು. ಅಪ್ಪನಿಗೆ ಸಕ್ಕರೆ ಕಾಯಿಲೆ! ಶಾಲೆ ಬಿಟ್ಟು ಖಾಲಿ ಕೂತವನು ಎಂದು ಪ್ರವಾಸದ ಯೋಜನೆ ನನ್ನ ತಲೆಗೆ ಕಟ್ಟಿದರು. ಬ್ರಸೆಲ್ಸ್, ಆಂಟ್‌ವರ್ಪ್, ಬ್ರೂಜ್. ಮ್ಯಾಪ್ ತೆರೆದರೆ ಮೂರರ ನಡುವೆ ನಿನ್ನ ಗೆಂಟ್ ಕೂತಿದೆ. ಬ್ರೂಜ್‌ಗೆ ಹೋಗುವ ರೈಲು ಅಲ್ಲಿ ನಿಂತೇ ಹೋಗುತ್ತದೆ ಎಂದರೆ, ಬಾಡಿಗೆ ಕಾರು ನೋಡು ಅಂದರು. ಮಗಳ ಊರಿನ ಸ್ಟೇಷನ್ ಕಿಟಕಿಯಿಂದಲೂ ಕಾಣಬಾರದಂತೆ! ನನಗೆ ಮೈಯೆಲ್ಲ ಉರಿಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗೆಂಟ್ ಸೇರಿಸಿ ತೋರಿಸಿದೆ. "ಅಲ್ಲೇನೈತಿ ನೋಡಾಕ?" ಅಂದರು. "ನಿಮ್ಮ ಮಗಳದಾಳ," ಅಂದೆ. "ಸಾಲಿ ಬಿಟ್ಟಾವ ನನಗ ಭೂಗೋಳ ಕಲಸಾಕ ಬಂದಾನ!" ಎಂದು ತಟ್ಟೆ ಸರಿಸಿ ಎದ್ದರು. ಅವ್ವ ತಲೆ ಎತ್ತದೆ, "ಕರೀಲಾರದ ಮನಿಗೆ ಹೆಂಗ ಹೋಗೂದೋ ಬಸ್ಯಾ?" ಅಂದಳು.

ನೀನೇನು ಕಡಿಮೆಯೇ? ಏಳನೇ ತಿಂಗಳಿಗೆ ಕುಬಸ ಮಾಡಿ ಉಡಿ ತುಂಬುವುದು ತವರಿನವರ ಕೆಲಸ, "ಅವರಾಗೇ ಬರಲಿ, ನಾ ಯಾಕ ಕರೀಲಿ?" ಅಂತೀ. ಯಾರನ್ನೂ ಕೇಳದೆ ರಿಜಿಸ್ಟರ್ ಮದುವೆಯಾಗುವಾಗ ನೆನಪಾಗದ ಪದ್ಧತಿಗಳೆಲ್ಲ ಈಗ ನೆನಪಾಗಿವೆ. ಮೇಲಿಂದ, ಅವರನ್ನು ಹೇಗಾದರೂ ರೈಲಿಗೇ ಹತ್ತಿಸಿ, ಅದು ಕೆಟ್ಟಿದೆ ಎಂದು ಸುಳ್ಳು ಹೇಳಿ ಗೆಂಟ್‌ನಲ್ಲಿ ಇಳಿಸು ಎಂದು ನನಗೆ ಹೇಳಿಕೊಡುತ್ತೀ. ಇಳಿಸುವುದಿಲ್ಲ. ಮೋಸಹೋಗಿ ಬಂದ ಅವ್ವನ ಕೈಯಿಂದ ಉಡಿ ತುಂಬಿಸಿಕೊಂಡರೆ ನಿನಗೆ ಸಮಾಧಾನವೇ? ಅರ್ಥವಾಗದ್ದಕ್ಕೆ ಅರ್ಥವಾಯಿತು ಎಂದು ತಲೆಯಾಡಿಸಲಾಗದೆ ಶಾಲೆಯನ್ನೇ ಬಿಟ್ಟವನು ನಾನು. ನೀನು ಕರೆಯುವ ತನಕ ಒಂದು ಹೋಟೆಲನ್ನೂ ಬುಕ್ ಮಾಡುವುದಿಲ್ಲ ಎಂದು ಅಪ್ಪನಿಗೂ ಹೇಳಿದ್ದೇನೆ. "ಹಂಗಾರ ಮನ್ಯಾಗ ಬಿದ್ದಿರು," ಅಂದರು. ಬಿದ್ದಿರುತ್ತೇನೆ.

ಅಶ್ವಿನ್ ಭಾವನಿಗೆ ನಮಸ್ಕಾರ ಹೇಳು. ನಮ್ಮೆಲ್ಲರ ಹಟದ ನಡುವೆ ಸಿಕ್ಕ ಆ ಮನುಷ್ಯನ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಇದನ್ನು ಓದಿ ಸಿಟ್ಟು ಬಂದರೂ.

ನಿನ್ನ ತಮ್ಮ
ಬಸವ

ತಾ.ಕ.: ಮುಗಿಸುವಷ್ಟರಲ್ಲಿ ಅವ್ವ ಬಂದಳು. ಯಾರಿಗೆ ಬರೆಯುತ್ತಿದ್ದೀ ಅಂದಳು, ಹೇಳಿದೆ. ಒಳಗೆ ಹೋಗಿ ಎರಡು ಅಳತೆಯ ಹಸಿರು ಬಳೆಗಳ ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಯಾರಿಗೂ ಹೇಳದೆ ವೆಲ್ಲಿಂಗ್ಟನ್‌ಗೆ ರೈಲು ಹತ್ತಿ ಹೋಗಿ ತಂದಿದ್ದಳಂತೆ. "ಬಸುರಾಗ ಕೈ ದಪ್ಪ ಆಗ್ತಾವ. ಅಕಿಗೆ ಯಾವ ಅಳತಿ ಬೇಕು, ಕೇಳೋ," ಅಂದಳು. ನಾನು ಕೇಳುವುದಿಲ್ಲ, ನೀನೇ ಕೇಳು ಅಂದೆ. ಈಗ ಫೋನ್ ಹಿಡಿದು ಕೂತು ನಿನ್ನ ನಂಬರು ಒತ್ತುತ್ತಾಳೆ, ಅಳಿಸುತ್ತಾಳೆ. ಅಳತೆಯನ್ನು ನನಗೆ ಬರೆಯಬೇಡ. ಈ ಕ್ಷಣವೇ ಅವಳಿಗೆ ಫೋನ್ ಮಾಡಿ ಬಾ ಅನ್ನು.