ಕ್ಯಾಂಟೀನ್ ಕಾರ್ಡು

ಕೆಂಗೇರಿ ಉಪನಗರ
ಗುರುವಾರ, 13 ಫೆಬ್ರವರಿ 2025

ರೀ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕುಡಿತ ಬಿಡಿಸುವ ವಾರ್ಡಿಗೆ ನೀವು ಸೇರಿ ಹತ್ತು ದಿನವಾಯಿತು, ಕೈ ನಡುಗುವುದು ಕಡಿಮೆಯಾಗಿದೆ, ಬೆಳಿಗ್ಗೆ ಎರಡು ಇಡ್ಲಿ ತಿಂದಿರಿ ಎಂದು ಕೌನ್ಸೆಲರ್ ಮೇಡಂ ಹೇಳಿದರು. ಅಲ್ಲಿ ಫೋನು ಕೊಡುವುದಿಲ್ಲವಲ್ಲ, ಅದಕ್ಕೆ ಮನೆಯವರು ಕಾಗದ ಬರೆಯಬೇಕಂತೆ. ಬಾಯಿ ಬಿಟ್ಟು ಹೇಳಲಾಗದ್ದನ್ನು ಬರೆಯಿರಿ ಎಂದರು. ನನ್ನ ಬಾಯಿಗೆ ಹೇಳಲಾಗದ್ದು ಯಾವುದಿದೆ! ಹದಿನೆಂಟು ವರ್ಷದಿಂದ ಕೇಳಿಸಿಕೊಂಡು ಬಂದವರು ನೀವೇ. ಆದರೂ ಒಂದಿದೆ.

ಮೊದಲು ಬರುವ ಭಾನುವಾರದ ಮಾತು. ನಮ್ಮಣ್ಣ ಮುನಿರಾಮಯ್ಯ ಸೇಬು ಹಿಡಿದುಕೊಂಡು ನಿಮ್ಮನ್ನು ನೋಡಲು ಬಂದಿದ್ದನಂತೆ. ಭಾನುವಾರ ಕಾರು ತರುತ್ತೇನೆ, ಮನೆಗೆ ಹೋಗೋಣ ಎಂದನಂತೆ. ನೀವೂ ತಲೆಯಾಡಿಸಿದಿರಂತೆ. ನೀವಾಗಿಯೇ ಸೇರಿದ್ದರಿಂದ ನೀವು ಸಹಿ ಹಾಕಿ ಹೊರಟರೆ ಯಾರೂ ತಡೆಯುವಂತಿಲ್ಲ. ಇನ್ನೂ ಮೂರು ವಾರ ಇರದಿದ್ದರೆ ಇಲ್ಲಿಯವರೆಗೆ ಪಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಮೇಡಂ ಬೇಜಾರು ಮಾಡಿಕೊಂಡರು. ಕಳೆದ ತಿಂಗಳು ನೀವು ರಕ್ತ ಕಾರಿಕೊಂಡಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಕುಡಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದಿದ್ದರು. ನಿಮಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಅಣ್ಣನಿಗೆ ಇದ್ದಕ್ಕಿದ್ದಂತೆ ನಿಮ್ಮ ಮೇಲೆ ಪ್ರೀತಿ ಉಕ್ಕಿದ್ದು ಯಾಕೆ ಗೊತ್ತೇ? ಮುಂದಿನ ಶುಕ್ರವಾರ ಅವನ ಹೊಸ ಬಿಲ್ಡಿಂಗಿನ ಗೃಹಪ್ರವೇಶ, ಶನಿವಾರ ಬಾಡೂಟ. ನಿಮ್ಮ ಕಾರ್ಡು ತೋರಿಸಿ ಮಿಲಿಟರಿ ಕ್ಯಾಂಟೀನಿನಿಂದ ಬೇಳೆ, ಸೋಪು, ಎಣ್ಣೆ ನಾನೂ ತರಬಲ್ಲೆ. ಬಾಡೂಟದ ರಮ್ಮಿನ ಬಾಟಲಿಗೆ ಮಾತ್ರ ಕಾರ್ಡಿನ ಯಜಮಾನರಾದ ನೀವೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸೇಬು ಯಾಕೆ ಬಂತೆಂದು ಈಗ ತಿಳಿಯಿತಲ್ಲ.

ಅವನನ್ನು ಬಯ್ಯುವ ಯೋಗ್ಯತೆ ನನಗಾದರೂ ಎಲ್ಲಿದೆ? ನೀವು ಸೇನೆಯಿಂದ ಬಂದಮೇಲೆ ನಮ್ಮ ಕಡೆಯ ಯಾವ ನಾಮಕರಣ, ಯಾವ ಬೀಗರೂಟ ನಿಮ್ಮ ರಮ್ಮಿಲ್ಲದೆ ನಡೆದಿದೆ? "ವಿಜಿ, ಮಿಲಿಟರಿ ಮಾಲು ಸಿಗುತ್ತೇನಮ್ಮಾ?" ಎಂದು ಕೇಳಿದವರಿಗೆಲ್ಲ ಹೂಂ ಎಂದವಳು ನಾನು. ಅಣ್ಣ ಜಮೀನು ಮಾರಿ ಬಿಲ್ಡಿಂಗು ಕಟ್ಟಿದ, ನಾನು ಬಾಡಿಗೆ ಮನೆಯಲ್ಲಿ ಉಳಿದೆ. ತವರಿನಲ್ಲಿ ನನ್ನನ್ನು ಒಳಗೆ ಕರೆದು ಕೂರಿಸುತ್ತಿದ್ದದ್ದು ಆ ಬಾಟಲಿ ಚೀಲದ ದೆಸೆಯಿಂದ. ಆ ಮರ್ಯಾದೆ ನನಗೆ ಹಿತವಾಗಿತ್ತು.

ನೀವು ಮಾತ್ರ ಗಡಿಯ ಹಿಮವನ್ನು ಮನೆಗೇ ತಂದಿದ್ದಿರಿ. ನಿದ್ದೆಗಣ್ಣಿನಲ್ಲಿ ಎದ್ದು ಹಾಸಿಗೆಯನ್ನು ಎರಡೂ ಕೈಯಿಂದ ಬಗೆಯುತ್ತಿದ್ದಿರಿ. ಹಿಮ ಕುಸಿದು ಅದರಡಿ ಹೋದ ನಿಮ್ಮ ಗೆಳೆಯ ಫಕೀರೇಶನನ್ನು ತೆಗೆಯುತ್ತಿದ್ದಿರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಸೈನಿಕ ಅಂತೆ ಸೈನಿಕ, ಕನಸಿಗೆ ಹೆದರುತ್ತಾನೆ ಎಂದು ಹಂಗಿಸಿದೆ. ಥೂ, ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಆಮೇಲೆ ನಿಮ್ಮ ಚಿಕಿತ್ಸೆಗೆಂದು ಅಲೆದೆನಪ್ಪಾ, ಅಲೆದೆ. ಒಂದು ಕಡೆ ಪತ್ರ ತನ್ನಿ ಎಂದರು, ಇನ್ನೊಂದು ಕಡೆ ಆ ಪತ್ರ ನಡೆಯಲ್ಲ ಎಂದರು. ಇದು ಕುಡಿತದ ಕೇಸೋ ತಲೆಯ ಕೇಸೋ ಮೊದಲು ತೀರ್ಮಾನ ಮಾಡಿಕೊಂಡು ಬನ್ನಿ ಎಂದವರೂ ಇದ್ದರು. ಸಾರಿನಲ್ಲಿ ಬೆರೆಸಲು ಯಾರೋ ಕೊಟ್ಟ ಪುಡಿಯನ್ನೂ ನಿಮಗೆ ತಿನ್ನಿಸಿದ್ದೇನೆ. ಕೊನೆಗೆ ದಾರಿ ತೋರಿಸಿದವರು ಜ್ಞಾನಭಾರತಿಯ ಲಿಂಗಮ್ಮ. ಅವರ ಯಜಮಾನರೂ ಸುಬೇದಾರರಾಗಿದ್ದವರು, ಕುಡಿತದಲ್ಲೇ ಹೋದರು. ನಮ್ಮಂಥ ಹೆಂಗಸರನ್ನು ಶನಿವಾರ ಶನಿವಾರ ಮನೆಯಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಮೊದಲ ದಿನವೇ, "ಬಾಟ್ಲಿ ಮನೆಗೆ ಯಾರಮ್ಮ ತರಿಸ್ತಿದ್ದಿದ್ದು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಸೆರಗು ಸರಿಮಾಡಿಕೊಂಡು, ಅವರ ಸ್ನೇಹಿತರು ಎಂದುಬಿಟ್ಟೆ. ಮೇಡಂ ಹತ್ತಿರವೂ ಅದನ್ನೇ ಹೇಳಿದೆ.

ಬಾಯಿ ಬಿಟ್ಟು ಹೇಳಲಾಗದ ಆ ಒಂದು ಮಾತು ಇದು. ಮೂರು ವರ್ಷದ ಹಿಂದೆ ನೀವು ನಿಮ್ಮಷ್ಟಕ್ಕೇ ಬಿಟ್ಟಿದ್ದಿರಿ. ಯಾವ ಡಾಕ್ಟರೂ ಇಲ್ಲ, ಮಾತ್ರೆಯೂ ಇಲ್ಲ. ನಲವತ್ತು ದಿನ. ಮುಖಕ್ಕೆ ಕಳೆ ಬಂದಿತ್ತು, ಸಂಜೆ ನನ್ನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಿರಿ. ನಲವತ್ತೊಂದನೆಯ ದಿನ ಅಣ್ಣನ ಮಗಳ ನಿಶ್ಚಿತಾರ್ಥ. ನಾನು ಚೀಲ ಮಡಿಸಿ ನಿಮ್ಮ ಕೈಗಿಟ್ಟೆ. "ವಿಜಿ, ನನ್ನ ಆ ಸಾಲಿಗೆ ಕಳಿಸ್ಬೇಡ ಕಣೇ, ನನ್ ಕೈಲಾಗಲ್ಲ" ಎಂದಿರಿ. ತವರಿನವರ ಮುಂದೆ ನನ್ನ ಮರ್ಯಾದೆ ಹೋಗುತ್ತದೆ ಎಂದೆ. ನೀವು ಚಪ್ಪಲಿ ಮೆಟ್ಟಿಕೊಂಡಿರಿ.

ತೂರಾಡುತ್ತ ಬಂದಿರಿ. ಚೀಲದಲ್ಲಿ ಒಂದು ಬಾಟಲಿ ಇರಲಿಲ್ಲ. ಬೀಗರ ಎದುರಿಗೆ, "ಕುಡುಕನ ಕೈಗೆ ಚೀಲ ಕೊಟ್ರೆ ಇನ್ನೇನಾಗುತ್ತೆ" ಎಂದವಳೂ ನಾನೇ. ಕೊಟ್ಟವಳು ಯಾರು ಎಂದು ಒಬ್ಬರೂ ಕೇಳಲಿಲ್ಲ. ನೀವೂ ಹೇಳಲಿಲ್ಲ. ಬಿಡುತ್ತೇನೆಂದು ಮಾತು ಕೊಟ್ಟು ತಪ್ಪಿದವನು ನಾನು ಎಂದು ನಿಮ್ಮನ್ನೇ ಶಪಿಸಿಕೊಂಡಿರಿ, ನಾನು ಸುಮ್ಮನಿದ್ದೆ. ರೀ, ತಪ್ಪಿದ್ದು ನೀವಲ್ಲ. ಮೇಡಂಗೂ ಈ ಕಾಗದ ಓದಿಸಿ.

ಭಾನುವಾರ ಆ ಕಾರು ಹತ್ತಬೇಡಿ. ಕಾರ್ಡಿನ ಚಿಂತೆ ಬಿಡಿ, ನಿನ್ನೆ ಕತ್ತರಿ ತೆಗೆದುಕೊಂಡು ಎರಡು ತುಂಡು ಮಾಡಿ ಕಸಕ್ಕೆ ಹಾಕಿದೆ. ಅಣ್ಣ ಬೇಕಾದರೆ ತನ್ನ ಗೃಹಪ್ರವೇಶಕ್ಕೆ ಮಜ್ಜಿಗೆ ಹಂಚಲಿ.

ನಿಮ್ಮನ್ನು ಆ ಸಾಲಿಗೆ ಕಳಿಸಿದವಳು,
ವಿಜಯಶ್ರೀ

ಮತ್ತೆ: ಲಕೋಟೆ ಅಂಟಿಸಿದ್ದವಳು ಬಿಚ್ಚಿ ಬರೆಯುತ್ತಿದ್ದೇನೆ. ಕಾರ್ಡು ಕತ್ತರಿಸಿದೆ ಎಂದದ್ದು ಸುಳ್ಳು. ಎರಡು ಸಲ ಕತ್ತರಿ ಹಿಡಿದೆ, ಆಗಲಿಲ್ಲ. ಅದು ಹೋದರೆ ತವರಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ ಎನ್ನಿಸಿತು. ಇವತ್ತು ಬೆಳಿಗ್ಗೆ ಅಣ್ಣ ಫೋನು ಮಾಡಿ, "ಭಾನುವಾರ ಭಾವನ್ನ ಕರ್ಕೊಂಡು ಬರ್ತೀನಮ್ಮ" ಎಂದಾಗಲೂ ನನ್ನ ಬಾಯಿಗೆ ಬಂದದ್ದು "ಆಯ್ತಣ್ಣ". ನನ್ನನ್ನು ನಂಬಬೇಡಿ. ಕಾರ್ಡನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಮೇಡಂ ಹತ್ತಿರ ಕತ್ತರಿ ಇಸಿದುಕೊಳ್ಳಿ. ಭಾನುವಾರ ಅಣ್ಣನ ಜೊತೆ ನಾನೂ ಬರುತ್ತೇನೆ. ಆವತ್ತು ಚೀಲ ಕೊಟ್ಟಾಗ ನೀವು ಹೇಳಿದ ಮಾತನ್ನು ಅವನ ಎದುರಿಗೇ ಇನ್ನೊಂದು ಸಲ ಹೇಳಿ. ಈ ಸಲ ಕೇಳಿಸಿಕೊಳ್ಳುತ್ತೇನೆ.