ಉಪವಾಸದ ದಿನದ ಹಾಡು

ಕೊಚ್ಚಿ, 5-10-1987

ಅಪ್ಪನ ಪಾದಕ್ಕೆ ಮಾದು ಅಡ್ಡಬಿದ್ದು ಬರೆಯುವುದು.

‘ಇನ್ನು ನಂಗೆ ದನಿ ಏಳದು ಕಣ್ಲಾ, ಕಂಸಾಳೆಯ ಬೇರೆಯವ್ರಿಗೆ ಕೊಟ್ಬುಡ್ತೀನಿ’ ಎಂದು ನೀವು ಬರೆಸಿದ ಕಾಗದ ತಲುಪಿತು. ಉತ್ತರ ತಡವಾಯಿತು.

ನಾನು ಕೆಲಸಕ್ಕಿರುವ ಮನೆಯ ಎಲಿಯಾಸ್ ಅಜ್ಜ ಯೆಹೂದಿ. ಮೊನ್ನೆ ಅವರಿಗೆ ದೊಡ್ಡ ಉಪವಾಸದ ಹಬ್ಬ. ಹನಿ ನೀರೂ ಕುಡಿಯದೆ ಇಡೀ ದಿನ ತಮ್ಮ ಗುಡಿಯಲ್ಲಿ ದೇವರ ಮುಂದೆ ಹಾಡಬೇಕು. ಮೊದಲೆಲ್ಲ ಒಂದೊಂದು ಮನೆಯವರು ಒಂದೊಂದು ಹಾಡು ಹಾಡುತ್ತಿದ್ದರಂತೆ. ಅವರೆಲ್ಲ ಇಸ್ರೇಲಿಗೆ ಹೋದ ಮೇಲೆ ಅಷ್ಟೂ ಹಾಡು ಈ ಅಜ್ಜನ ಮೇಲೆಯೇ ಬಿದ್ದಿವೆ.

ಸಂಜೆ ಹೊತ್ತಿಗೆ ಅಜ್ಜನ ದನಿ ನಿಂತೇಹೋಯಿತು. ಇಲ್ಲೇ ಉಳಿದಿರುವ ಇನ್ನು ನಾಲ್ವರು ಯೆಹೂದಿಗಳಿಗೆ ಮುಂದಿನದು ಗೊತ್ತಿಲ್ಲ. ಆರು ವರ್ಷ ಬಾಗಿಲಲ್ಲಿ ಕೂತು ಕೇಳಿದ್ದೆನಲ್ಲ, ನನಗರಿವಿಲ್ಲದೆಯೇ ಮುಂದಿನ ಸಾಲು ಹಾಡಿಬಿಟ್ಟೆ. ಅಜ್ಜ ಅದನ್ನು ಹಿಡಿದುಕೊಂಡು ಮುಗಿಸಿದರು.

ಉಪವಾಸ ಬಿಡುವಾಗ, “ನಿಮ್ಮಪ್ಪನ ಹಾಡೊಂದು ಹೇಳು” ಎಂದರು. ಮೊದಲ ಸಾಲೇ ಬರಲಿಲ್ಲ, ಅಪ್ಪ. ಕಾಲು ನೋಯುತ್ತಿದೆ ಎಂದು ಹೇಳಿ ಎದ್ದು ಬಂದೆ.

ಕಂಸಾಳೆ ಯಾರಿಗೂ ಕೊಡಬೇಡಿ. ದೀಪಾವಳಿಗೆ ಮುಂಚೆಯೇ ಶಾಗ್ಯಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಬಿಸಿನೀರನ್ನೇ ಕುಡಿಯಿರಿ, ಯಾರ ಜೊತೆಗೂ ಹೆಚ್ಚು ಮಾತಾಡಬೇಡಿ.

ನಿಮ್ಮ ಮಗ,
ಮಾದು